ಸಮುದ್ರದ ಎಚ್ಚರಿಕೆ ಓದಿ ಕ್ಷಿಪಣಿ ಪರೀಕ್ಷೆ ಊಹಿಸುವುದು: ನಾಲ್ಕು ಮೂಲೆಯ ಒಂದು ಅಭ್ಯಾಸ

#1 ಎರಡನೇ_ಮೇಟ್

ಇಲ್ಲಿ ತಿಂಗಳಿಗೊಮ್ಮೆ ಅದೇ ಪ್ರಶ್ನೆ ಬರುತ್ತದೆ. "ಬಂಗಾಳ ಕೊಲ್ಲಿಯಲ್ಲಿ ನೋಟಾಮ್ ಬಿದ್ದಿದೆ, ಯಾವ ಕ್ಷಿಪಣಿ?" ನೋಟಾಮ್ ಅಂದರೆ ವಿಮಾನದವರಿಗೆ ಬರುವ ಎಚ್ಚರಿಕೆ, ಹಡಗಿನವರಿಗೂ ಅಂಥದ್ದೇ ಬರುತ್ತದೆ. ಕೆಳಗೆ ಹತ್ತು ಜನ ಹತ್ತು ಹೆಸರು ಹೇಳುತ್ತಾರೆ. ಮೂಲ ಎಚ್ಚರಿಕೆ ಓದಿದವರು ಒಬ್ಬರೂ ಇರುವುದಿಲ್ಲ.

ನಾನು ಸರಕು ಹಡಗಿನಲ್ಲಿ ಸೆಕೆಂಡ್ ಮೇಟ್. ದಾರಿ ಹಾಕುವುದು, ಚಾರ್ಟ್‌ಗಳನ್ನು ಸರಿಯಾಗಿ ಇಟ್ಟುಕೊಳ್ಳುವುದು ನನ್ನ ಕೆಲಸ. ನಿಮಗೆ ಇವು ಸುದ್ದಿ. ನನಗೆ ದಿನದ ಟಪಾಲು. ಅದಕ್ಕೇ ಒಂದು ಅಭ್ಯಾಸ ಕೊಡೋಣ ಅನ್ನಿಸಿತು. ಕೆಳಗಿನದು ನಾನೇ ಕಟ್ಟಿದ್ದು, ನಿಜವಾದ ಎಚ್ಚರಿಕೆ ಅಲ್ಲ. ದಯವಿಟ್ಟು ಯಾರೂ ವಾಟ್ಸಾಪ್‌ಗೆ ಹಾಕಬೇಡಿ.

ಬಂಗಾಳ ಕೊಲ್ಲಿ ಮತ್ತು ಹಿಂದೂ ಮಹಾಸಾಗರ.
ಅಪಾಯಕಾರಿ ಕಾರ್ಯಾಚರಣೆ. 14, 15, 16ನೇ ತಾರೀಖು. ಪ್ರತಿದಿನ 0330ರಿಂದ 0730 ಝಡ್.
ಈ ಬಿಂದುಗಳ ಒಳಗಿನ ಪ್ರದೇಶ:
20-45 ಉತ್ತರ, 087-00 ಪೂರ್ವ
20-45 ಉತ್ತರ, 087-15 ಪೂರ್ವ
02-15 ದಕ್ಷಿಣ, 089-00 ಪೂರ್ವ
02-15 ದಕ್ಷಿಣ, 085-30 ಪೂರ್ವ
ಈ ಸಂದೇಶ 160830 ಝಡ್‌ಗೆ ರದ್ದು.

ಎಲ್ಲಿಂದ ಹಾರುತ್ತದೆ, ಎಷ್ಟು ದೂರ, ಏನು? ಊಹಿಸಿದವರು ಯಾಕೆ ಹಾಗೆ ಅಂದುಕೊಂಡಿರಿ ಅಂತಲೂ ಬರೆಯಬೇಕು. ಬರೀ ಹೆಸರು ಎಸೆದು ಓಡಿದರೆ ಲೆಕ್ಕಕ್ಕಿಲ್ಲ.

#2 ಹೊಸಬ_ನಾನು

ಸಾರ್, ನಾನೇ ಮೊದಲು! ಮ್ಯಾಪ್ ತೆರೆದು ನಾಲ್ಕೂ ಬಿಂದು ಹಾಕಿದೆ. 20.45, 87.00 ಮತ್ತು 20.45, 87.15 ಮೇಲಿನ ಎರಡು. ಅಲ್ಲಿಂದ ಕೆಳಗೆ ಬೀಸಣಿಗೆ ತರ ಬಿಚ್ಚಿಕೊಳ್ಳುತ್ತದೆ. ಆದರೆ ಮಜಾ ಏನು ಗೊತ್ತಾ, ಮೇಲಿನ ತುದಿ ಪೂರ್ತಿ ನೀರಿನಲ್ಲಿದೆ. ದಡ ದೂರ. ದ್ವೀಪ ಇಲ್ಲ, ಏನೂ ಇಲ್ಲ. ಖಾಲಿ ಸಮುದ್ರದಿಂದ ಹಾರುವುದು ಅಂದ್ರೆ ಒಂದೇ. ಸಬ್‌ಮರೀನ್! ಕೆ-4 ಅಲ್ವಾ?

#3 ಸುಮ್ನೆ_ಓದುವವ

ಪಕ್ಕಾ ಕೆ-4 ಗುರು. 2024ರ ನವೆಂಬರ್ 27ಕ್ಕೆ ಐಎನ್‌ಎಸ್ ಅರಿಘಾತ್‌ನಿಂದ ಹಾರಿಸಿದ್ದರಲ್ಲ, ಅದರದೇ ಮುಂದಿನದು.

#4 ಅನುಮಾನಪ್ಪ

"ಪಕ್ಕಾ" ಅನ್ನುವ ಪದಕ್ಕೆ ಈ ವೇದಿಕೆಯಲ್ಲಿ ದಂಡ ಹಾಕಬೇಕು. ಕಟ್ಟಿದ ಎಚ್ಚರಿಕೆಗೂ ಪಕ್ಕಾ ಅಂತೀರಲ್ಲ.

#5 ಗೋಳಗಣಿತ

ಹೊಸಬರೇ, ನಿಮ್ಮ ಸಬ್‌ಮರೀನ್ ಹುಟ್ಟಿದ್ದು ಒಂದು ಚುಕ್ಕಿಯಿಂದ.

20-45 ಅಂದರೆ 20.45 ಅಲ್ಲ. 20 ಡಿಗ್ರಿ 45 ಮಿನಿಟ್. ಒಂದು ಡಿಗ್ರಿಗೆ 60 ಮಿನಿಟ್. 45ನ್ನು 60ರಿಂದ ಭಾಗಿಸಿ, 0.75 ಬರುತ್ತದೆ. ಹಾಗಾಗಿ ಮ್ಯಾಪಿಗೆ ಕೊಡಬೇಕಾದದ್ದು 20.75. ನೀವು 0.30 ಡಿಗ್ರಿ ಕೆಳಗೆ ಹಾಕಿದ್ದೀರಿ. ಅದು 18 ಮಿನಿಟ್. ಅಕ್ಷಾಂಶದಲ್ಲಿ ಒಂದು ಮಿನಿಟ್ ಅಂದರೆ ಒಂದು ನಾಟಿಕಲ್ ಮೈಲಿ, 1.852 ಕಿಲೋಮೀಟರ್. ಲೆಕ್ಕ ಹಾಕಿದರೆ 33 ಕಿಲೋಮೀಟರ್. ಕ್ಷಿಪಣಿಯನ್ನು ನೆಲದಿಂದ ಎತ್ತಿ 33 ಕಿಲೋಮೀಟರ್ ಆಚೆ ನೀರಿಗೆ ಇಳಿಸಿದ್ದೀರಿ, ಆಮೇಲೆ ಸಬ್‌ಮರೀನ್ ಹುಡುಕಿದ್ದೀರಿ.

87-15 ಕೂಡ ಹಾಗೇ, 87.25 ಆಗಬೇಕು. ಮತ್ತೆ ಹಾಕಿ ನೋಡಿ.

ಇನ್ನೊಂದು ಮಾತು. ಎಚ್ಚರಿಕೆಯಲ್ಲಿ ಬಿಂದುಗಳು ಸುತ್ತುವ ಕ್ರಮದಲ್ಲೇ ಇರುತ್ತವೆ. ಅದೇ ಕ್ರಮದಲ್ಲಿ ಗೆರೆ ಎಳೆಯಿರಿ. ಹಿಂದೆ ಮುಂದೆ ಮಾಡಿದರೆ ನಡುವೆ ಕತ್ತರಿ ಹಾಕಿದ ಹಾಗೆ ಗೆರೆಗಳು ಅಡ್ಡ ಹಾಯುತ್ತವೆ.

#6 ಹೊಸಬ_ನಾನು

ಅಯ್ಯೋ. ಹಾಕಿದೆ ಮೇಡಂ. ಮೇಲಿನ ಅಂಚು ಈಗ ಒಡಿಶಾದ ದಡದ ಮೇಲೆ, ಕ್ಷಿಪಣಿ ಪರೀಕ್ಷೆ ನಡೆಯುವ ಅಬ್ದುಲ್ ಕಲಾಂ ದ್ವೀಪದ ಮೇಲೇ ಕೂತಿದೆ. ಮೊದಲು ವೀಲರ್ ದ್ವೀಪ ಅಂತಿತ್ತಲ್ಲ, 2015ರಲ್ಲಿ ಹೆಸರು ಬದಲಾಯಿಸಿದ್ದು. ನನ್ನ ಸಬ್‌ಮರೀನ್ ಮುಳುಗಿತು.

#7 ಅನುಮಾನಪ್ಪ

ಸಬ್‌ಮರೀನ್ ಮುಳುಗುವುದೇ ಅದರ ಕೆಲಸ ಬಿಡಿ.

#8 ಎರಡನೇ_ಮೇಟ್

ಬೇಜಾರು ಬೇಡ ಹೊಸಬರೇ, ಇದೇ ತಪ್ಪನ್ನು ನಾನೂ ಕೆಡೆಟ್ ಆಗಿದ್ದಾಗ ಮಾಡಿದ್ದೇನೆ. ಆಗ ಬೈದವರು ಮೇಡಂನಷ್ಟು ಒಳ್ಳೆಯವರಾಗಿರಲಿಲ್ಲ.

ಮುಂದೆ ಹೋಗುವ ಮೊದಲು ಇದು ನಮ್ಮ ಕೈಗೆ ಬರುವುದು ಹೇಗೆ ಅಂತ ಹೇಳಿಬಿಡುತ್ತೇನೆ. ಪ್ರಪಂಚದ ಸಮುದ್ರವನ್ನೆಲ್ಲ 21 ತುಂಡು ಮಾಡಿದ್ದಾರೆ. ಒಂದೊಂದಕ್ಕೂ ನ್ಯಾವ್‌ಏರಿಯಾ ಅಂತ ಹೆಸರು, ರೋಮನ್ ಅಂಕಿಯಲ್ಲಿ ನಂಬರು. ಮೊದಲು 16 ಇದ್ದವು. ಉತ್ತರ ಧ್ರುವದ ಕಡೆಯ ಐದು ಆಮೇಲೆ ಸೇರಿದವು. ಪ್ರತಿ ತುಂಡಿಗೂ ಒಂದು ದೇಶ ಹೊಣೆ. ಎಂಟನೆಯದು ಭಾರತದ್ದು, ಒಂಬತ್ತನೆಯದು ಪಾಕಿಸ್ತಾನದ್ದು, ಹತ್ತನೆಯದು ಆಸ್ಟ್ರೇಲಿಯಾ, ಹನ್ನೊಂದನೆಯದು ಜಪಾನ್. ನಾಲ್ಕನೆಯದು ಮತ್ತು ಹನ್ನೆರಡನೆಯದು ಅಮೆರಿಕದ್ದು. ನಮ್ಮ ಎಂಟನೆಯದರ ಸಂದೇಶ ಹೊರಡುವುದು ಡೆಹ್ರಾಡೂನ್‌ನ ನ್ಯಾಷನಲ್ ಹೈಡ್ರೋಗ್ರಾಫಿಕ್ ಆಫೀಸಿನಿಂದ. ಸಮುದ್ರದ ಎಚ್ಚರಿಕೆ ಹಿಮಾಲಯದ ಬುಡದಿಂದ ಬರುತ್ತದೆ ಅನ್ನುವುದು ನನಗೆ ಈಗಲೂ ತಮಾಷೆ.

ದಡದ ಹತ್ತಿರ ಇದ್ದರೆ ನ್ಯಾವ್‌ಟೆಕ್ಸ್ ಅನ್ನುವ ರೇಡಿಯೋ ಸೇವೆ. 518 ಕಿಲೋಹರ್ಟ್ಸ್‌ನಲ್ಲಿ ಬರುತ್ತದೆ, ಎಲ್ಲೆಡೆ ಇಂಗ್ಲಿಷ್‌ನಲ್ಲೇ. ಹಳೆಯ ಮಷೀನು ಅಂಗಡಿಯ ಬಿಲ್ ಮಷೀನಿನ ಹಾಗೆ ಸಣ್ಣ ಕಾಗದದ ಸುರುಳಿ ಬಿಡುತ್ತದೆ. ರಾತ್ರಿ ಕಾವಲಿನಲ್ಲಿ, ಎಂಜಿನ್ ಗುನುಗು ಬಿಟ್ಟರೆ ಬೇರೆ ಶಬ್ದ ಇಲ್ಲದ ಹೊತ್ತಿನಲ್ಲಿ, ಅದು ಕಿರ್ರ್ ಅಂತ ಶುರುವಾದರೆ ಎದೆ ಒಮ್ಮೆ ಹಾರುತ್ತದೆ. ಹವಾಮಾನದ ಸಾಮಾನ್ಯ ಮುನ್ಸೂಚನೆ ಬೇಡ ಅಂತ ಮಷೀನಿಗೆ ಹೇಳಬಹುದು. ಆದರೆ ಸಂಚಾರದ ಎಚ್ಚರಿಕೆ, ಬಿರುಗಾಳಿಯ ಎಚ್ಚರಿಕೆ, ಹುಡುಕಾಟ ರಕ್ಷಣೆಯ ಸಂದೇಶ ಬೇಡ ಅನ್ನಲು ಅದು ಬಿಡುವುದಿಲ್ಲ. ನಡುಸಮುದ್ರಕ್ಕೆ ಹೋದ ಮೇಲೆ ಉಪಗ್ರಹದ ಮೂಲಕ ಬರುತ್ತದೆ.

ಬಂದದ್ದನ್ನು ಓದಿ, ನಮ್ಮ ದಾರಿಗೆ ಸಂಬಂಧ ಇದ್ದರೆ ಎಲೆಕ್ಟ್ರಾನಿಕ್ ಚಾರ್ಟಿನ ಮೇಲೆ ನಾಲ್ಕು ಮೂಲೆ ಹಾಕಿ ಕೆಂಪು ಗೆರೆ ಎಳೆಯುತ್ತೇನೆ, ಸಹಿ ಹಾಕಿ ಫೈಲಿಗೆ ಸೇರಿಸುತ್ತೇನೆ. ಅಷ್ಟೇ ಕೆಲಸ. "ಇದು ಯಾವ ಕ್ಷಿಪಣಿ" ಅಂತ ಹಡಗು ನಡೆಸುವ ಕೋಣೆಯಲ್ಲಿ, ಅಂದರೆ ಬ್ರಿಡ್ಜ್‌ನಲ್ಲಿ, ಯಾರೂ ಕೇಳುವುದಿಲ್ಲ.

#9 ಗೋಳಗಣಿತ

ದೂರದ ಲೆಕ್ಕ ನಾನು ಮಾಡುತ್ತೇನೆ, ಇದು ಸುಲಭದ್ದು. ಬೇಕಂತಲೇ ನೇರ ದಕ್ಷಿಣಕ್ಕೆ ಕೊಟ್ಟಿದ್ದೀರಿ ಅನ್ನಿಸುತ್ತದೆ.

ಮೇಲಿನ ಅಂಚು 20-45 ಉತ್ತರ, ಕೆಳಗಿನದು 02-15 ದಕ್ಷಿಣ. ಸಮಭಾಜಕ ದಾಟುವುದರಿಂದ ಕೂಡಿಸಬೇಕು, ಕಳೆಯಬಾರದು. ಸರಿಯಾಗಿ 23 ಡಿಗ್ರಿ. 60ರಿಂದ ಗುಣಿಸಿದರೆ 1380 ನಾಟಿಕಲ್ ಮೈಲಿ. 1.852ರಿಂದ ಗುಣಿಸಿದರೆ 2556 ಕಿಲೋಮೀಟರ್. ರೇಖಾಂಶ ಹೆಚ್ಚು ಬದಲಾಗದ ಕಾರಣ ಇಷ್ಟಕ್ಕೇ ನಿಲ್ಲಿಸಬಹುದು. ಓರೆಯಾಗಿ ಹೋದರೆ ಮ್ಯಾಪಿನ ಅಳತೆಪಟ್ಟಿ ಬಳಸಿ.

ಚಪ್ಪಟೆ ಮ್ಯಾಪಿನ ಮೇಲೆ ಸ್ಕೇಲ್ ಇಟ್ಟು ಮಾತ್ರ ಅಳೆಯಬೇಡಿ. ಅಮೆರಿಕದವರು ಕ್ಯಾಲಿಫೋರ್ನಿಯಾದ ವ್ಯಾಂಡೆನ್‌ಬರ್ಗ್‌ನಿಂದ ಪೆಸಿಫಿಕ್‌ನ ಕ್ವಾಜಲೀನ್ ದ್ವೀಪಗಳಿಗೆ ಮಿನಿಟ್‌ಮನ್ 3 ಕ್ಷಿಪಣಿ ಹಾರಿಸುತ್ತಾರೆ, ಸುಮಾರು 6,700 ಕಿಲೋಮೀಟರ್. ಆ ದಾರಿ ಗೋಳದ ಮೇಲೆ ನೇರ, ಮ್ಯಾಪಿನ ಮೇಲೆ ಬಿಲ್ಲು. ಇದರ ಜೊತೆಗೆ ಕ್ಷಿಪಣಿ ಮೇಲಿರುವಾಗ ಕೆಳಗೆ ಭೂಮಿ ತಿರುಗುತ್ತಲೇ ಇರುತ್ತದೆ. 4 ನಿಮಿಷಕ್ಕೆ 1 ಡಿಗ್ರಿ. ಅರ್ಧ ಗಂಟೆ ಹಾರುವ ಖಂಡಾಂತರ ಕ್ಷಿಪಣಿಯ ಲೆಕ್ಕದಲ್ಲಿ 7.5 ಡಿಗ್ರಿ. ಇದನ್ನು ಮರೆತು ಎರಡು ಪೆಟ್ಟಿಗೆಗಳ (ಎಚ್ಚರಿಕೆಯಲ್ಲಿ ಗುರುತಿಸಿದ ಪ್ರದೇಶಗಳ) ನಡುವೆ ಗೆರೆ ಎಳೆದು "ಉಡಾವಣಾ ಸ್ಥಳಕ್ಕೆ ಹೊಂದುತ್ತಿಲ್ಲ, ಏನೋ ಮುಚ್ಚಿಡುತ್ತಿದ್ದಾರೆ" ಅನ್ನುವವರನ್ನು ಜಾಸ್ತಿ ನೋಡಿದ್ದೇನೆ.

#10 ಸುಮ್ನೆ_ಓದುವವ

ಹಾಗಾದ್ರೆ 2500 ಕಿಲೋಮೀಟರ್ ಕ್ಷಿಪಣಿ. ಅಗ್ನಿ-2 ಅಥವಾ ಅಗ್ನಿ-3. ಮುಗೀತು.

#11 ಅನುಮಾನಪ್ಪ

ಮುಗಿಯಲಿಲ್ಲ. ಪೆಟ್ಟಿಗೆಯ ಉದ್ದವೇ ಬೇರೆ, ಕ್ಷಿಪಣಿಯ ತಾಕತ್ತೇ ಬೇರೆ.

2024ರ ಮಾರ್ಚ್ 11ರ ದಿವ್ಯಾಸ್ತ್ರ ನೆನಪಿದೆಯಾ? ಅಗ್ನಿ-5ರಲ್ಲಿ ಒಂದಕ್ಕಿಂತ ಹೆಚ್ಚು ಸಿಡಿತಲೆ ಇಟ್ಟು ಹಾರಿಸಿದ್ದು. ಅಗ್ನಿ-5 ಅಂದರೆ 5,000 ಕಿಲೋಮೀಟರ್ ದಾಟುವ ಕ್ಷಿಪಣಿ. ಆ ಸಲದ ಎಚ್ಚರಿಕೆಯ ಪ್ರದೇಶ ಸುಮಾರು 3,500. ಆ ಅಂಕಿ ನೋಡಿದರೆ ಯಾರಿಗಾದರೂ ಮೊದಲು ಅಷ್ಟೇ ದೂರ ಹೋಗುವ ಕೆ-4 ನೆನಪಾಗುತ್ತದೆ. ದೂರ ಹೋಗುವ ಕ್ಷಿಪಣಿಯನ್ನು ಹತ್ತಿರಕ್ಕೆ ಹಾರಿಸಬಹುದು, ಇಂಧನ ಕಡಿಮೆ ಹಾಕದೆಯೂ.

ಇನ್ನೂ ಜೋರು ಉದಾಹರಣೆ ಬೇಕಾದರೆ ಉತ್ತರ ಕೊರಿಯಾ. 2017ರ ನವೆಂಬರ್ 29ರ ಹ್ವಾಸಾಂಗ್-15 ಬಿದ್ದದ್ದು ಬರೀ 950 ಕಿಲೋಮೀಟರ್ ದೂರದಲ್ಲಿ. ಆದರೆ ಏರಿದ್ದು 4,475 ಕಿಲೋಮೀಟರ್ ಎತ್ತರಕ್ಕೆ. ಬಹುತೇಕ ನೆಟ್ಟಗೆ ಎಸೆದರು. ನೆಲದ ಮೇಲೆ ಅಳೆದವನಿಗೆ ಅದು ಸಣ್ಣ ಕ್ಷಿಪಣಿ, ಎತ್ತರ ನೋಡಿದವನಿಗೆ ಅಮೆರಿಕ ಮುಟ್ಟುವಂಥದ್ದು.

ಹಾಗೇ ಪೆಟ್ಟಿಗೆಯ ಕೊನೆಯ ಅಂಚು ಬೀಳುವ ಜಾಗವೇ ಅಂತೇನೂ ಇಲ್ಲ. ಆಚೆ ಈಚೆ ಸುರಕ್ಷತೆಗೆ ಅಂತ ಬಿಟ್ಟಿರುತ್ತಾರೆ. 2556 ಅನ್ನುವುದು "ಇದರೊಳಗೆ ಎಲ್ಲೋ" ಅಂತ ಮಾತ್ರ.

#12 ಆಕಾಶಬುಟ್ಟಿ

ನಾನು ಉಪಗ್ರಹ ನೋಡುವ ಕಡೆಯಿಂದ ಇದಕ್ಕೆ ಬಿದ್ದವನು. ನನ್ನ ಮೊದಲ ಪ್ರಶ್ನೆ ಯಾವಾಗಲೂ "ಇದು ಕ್ಷಿಪಣಿಯೇನಾ?" ಅನ್ನುವುದು. ಉಪಗ್ರಹ ಹೊತ್ತ ರಾಕೆಟ್ಟಿಗೂ ಇದೇ ತರದ ಎಚ್ಚರಿಕೆ ಬರುತ್ತದೆ. ಶ್ರೀಹರಿಕೋಟಾದಿಂದ ಪಿಎಸ್‌ಎಲ್‌ವಿ ಹೋದರೂ ಅದರ ಉರಿದು ಮುಗಿದ ಹಂತಗಳು ಬೀಳುವ ಜಾಗಕ್ಕೆ ಪೆಟ್ಟಿಗೆ ಕೊಡುತ್ತಾರೆ. ಆದರೆ ರಾಕೆಟ್ ಆದರೆ ದಿನಾಂಕ ಮೊದಲೇ ಊರಿಗೆಲ್ಲ ಗೊತ್ತಿರುತ್ತದೆ. ಉಡಾವಣೆಯ ಪಟ್ಟಿಯಲ್ಲಿ ಏನೂ ಇಲ್ಲ, ಪೆಟ್ಟಿಗೆ ಮಾತ್ರ ಇದೆ ಅಂದಾಗ ನಾನು ಕುರ್ಚಿ ಹತ್ತಿರ ಎಳೆದುಕೊಳ್ಳುತ್ತೇನೆ.

ದೇಶಕ್ಕೊಂದು ಕೈಬರಹ ಇದೆ. ಈ ಅಭ್ಯಾಸದಲ್ಲಿರುವಂಥ ಒಂದೇ ಒಂದು ಉದ್ದನೆಯ ಬೀಸಣಿಗೆ ಒಡಿಶಾದ ಕಡೆಯ ರೂಢಿ. ಸಬ್‌ಮರೀನ್‌ನಿಂದ ಹಾರುವ ಅಮೆರಿಕದವರ ಟ್ರೈಡೆಂಟ್ ಕ್ಷಿಪಣಿಯದು ಹಾಗಲ್ಲ. ಫ್ಲಾರಿಡಾದ ಆಚೆ ಸಬ್‌ಮರೀನ್ ಇರುವ ಕಡೆ ಒಂದು ಪೆಟ್ಟಿಗೆ, ಸ್ವಲ್ಪ ಮುಂದೆ ಹಂತ ಬೀಳುವ ಕಡೆ ಇನ್ನೊಂದು, ಆಮೇಲೆ ಖಾಲಿ ಖಾಲಿ ಸಾವಿರಾರು ಕಿಲೋಮೀಟರ್, ಕೊನೆಗೆ ಅಟ್ಲಾಂಟಿಕ್‌ನ ಆ ತುದಿಯಲ್ಲಿ ಒಂದು. ಬಿಡಿ ಬಿಡಿ ಪೆಟ್ಟಿಗೆಗಳು, ಒಂದೇ ಸಂದೇಶ. ಕ, ಖ, ಗ ಅಂತ ಹೆಸರಿಟ್ಟ ಹಾಗೆ ಸಾಲಾಗಿ. ಆ ಬಿಡಿ ಪೆಟ್ಟಿಗೆಗಳನ್ನು ಜೋಡಿಸುವುದರಲ್ಲೇ ಇರುವುದು ಸೊಗಸು. ಮೊದಲ ಪೆಟ್ಟಿಗೆಯ ಹತ್ತಿರ ಉಡಾವಣಾ ಕೇಂದ್ರ ಇಲ್ಲ, ಬರೀ ನೀರು ಅಂದರೆ ಅಲ್ಲಿ ಹೊಸಬರ ಸಬ್‌ಮರೀನ್ ನಿಜವಾಗಿಯೂ ಇರುತ್ತದೆ.

ಪೆಟ್ಟಿಗೆ ಸರಿಯಾಗಿ ಓದಿದರೂ ಆಗುವುದು ಬೇರೆಯೇ ಇರಬಹುದು. 2024ರ ಜನವರಿ 30ರಂದು ಬ್ರಿಟನ್‌ನ ವ್ಯಾನ್‌ಗಾರ್ಡ್ ಸಬ್‌ಮರೀನ್ ಟ್ರೈಡೆಂಟ್ ಹಾರಿಸಿತು. ಗುರಿ ಸಾವಿರಾರು ಕಿಲೋಮೀಟರ್ ಆಚೆ. ಕ್ಷಿಪಣಿ ಸಬ್‌ಮರೀನ್‌ನ ಹತ್ತಿರವೇ ನೀರಿಗೆ ಬಿತ್ತು. ರಕ್ಷಣಾ ಸಚಿವರು ಒಳಗೇ ಇದ್ದರಂತೆ. ಹಡಗುಗಳು ದೂರ ಇದ್ದದ್ದೇ ಒಳ್ಳೆಯದಾಯಿತು.

ಪದಗಳನ್ನೂ ನಂಬಬೇಡಿ. 2024ರ ಸೆಪ್ಟೆಂಬರ್ 25ರಂದು ಚೀನಾ ಪೆಸಿಫಿಕ್‌ಗೆ ಖಂಡಾಂತರ ಕ್ಷಿಪಣಿ ಹಾರಿಸಿತು. 1980ರ ನಂತರ ಅಂಥದ್ದು ಅದೇ ಮೊದಲು. ಅದಕ್ಕೆ ಎರಡು ದಿನ ಮುಂಚೆ ಜಪಾನ್‌ನ ಕೋಸ್ಟ್ ಗಾರ್ಡ್‌ಗೆ ಬಂದ ಎಚ್ಚರಿಕೆಯಲ್ಲಿ "ಬಾಹ್ಯಾಕಾಶದ ಅವಶೇಷ" ಬೀಳುತ್ತದೆ ಅಂತ ಇತ್ತು. ಸುಳ್ಳೂ ಅಲ್ಲ, ನಿಜವೂ ಅಲ್ಲ!

#13 ಗೋಳಗಣಿತ

ವಿಮಾನದವರ ನೋಟಾಮ್ ಜೊತೆ ಇಟ್ಟು ನೋಡುವುದನ್ನು ಯಾರೂ ಹೇಳಲಿಲ್ಲ. ಸಮುದ್ರದ ಎಚ್ಚರಿಕೆಯಲ್ಲಿ ಎತ್ತರ ಇರುವುದಿಲ್ಲ, ಹಡಗಿಗೆ ಅದು ಬೇಕಿಲ್ಲ. ನೋಟಾಮ್‌ನಲ್ಲಿ ಇರುತ್ತದೆ. ನೆಲದಿಂದ "ಅನ್‌ಲಿಮಿಟೆಡ್" ಅಂತ ಇದ್ದರೆ ಏನೋ ದೊಡ್ಡದು ಮೇಲೆ ಹೋಗುತ್ತದೆ. ಒಂದಿಷ್ಟು ಸಾವಿರ ಅಡಿಗೆ ನಿಲ್ಲಿಸಿದ್ದರೆ ನೌಕಾಪಡೆಯ ಫಿರಂಗಿ ಅಭ್ಯಾಸ ಇರಬಹುದು. ನಿಮ್ಮ "ಬ್ರೇಕಿಂಗ್" ಪೋಸ್ಟ್‌ಗಳಲ್ಲಿ ಅರ್ಧಕ್ಕರ್ಧ ಈ ಫಿರಂಗಿ ಅಭ್ಯಾಸಗಳೇ.

ಇನ್ನೊಂದು, ಆಕಾಶದ ಗಡಿಗಳು ಬೇರೆ. ಉದ್ದದ ಪ್ರದೇಶವಾದರೆ ಒಂದೊಂದು ವಾಯು ಮಾಹಿತಿ ವಲಯದವರು ತಮ್ಮ ಪಾಲಿನ ತುಂಡಿಗೆ ಮಾತ್ರ ನೋಟಾಮ್ ಕೊಡುತ್ತಾರೆ. ಒಂದು ತುಂಡನ್ನು ನೋಡಿ "ಬರೀ 900 ಕಿಲೋಮೀಟರ್" ಅಂದುಬಿಡಬೇಡಿ. ಸಮುದ್ರದ ಎಚ್ಚರಿಕೆಯಲ್ಲಿ ಪೂರ್ತಿ ಒಟ್ಟಿಗೆ ಸಿಗುವ ಸಾಧ್ಯತೆ ಹೆಚ್ಚು.

#14 ಸುಮ್ನೆ_ಓದುವವ

ಒಂದು ಪೆದ್ದು ಪ್ರಶ್ನೆ. ಇಷ್ಟೆಲ್ಲ ಗುಟ್ಟಿನ ವಿಷಯ, ಊರಿಗೆಲ್ಲ ಡಂಗುರ ಯಾಕೆ ಹೊಡೀತಾರೆ? ಸುಮ್ನೆ ಹಾರಿಸಿದ್ರೆ ಆಗಲ್ವಾ?

#15 ಎರಡನೇ_ಮೇಟ್

ಪೆದ್ದು ಪ್ರಶ್ನೆ ಏನಲ್ಲ. ಕೆಳಗೆ ನಾವಿದ್ದೇವೆ, ಅದಕ್ಕೆ. ಉರಿದು ಮುಗಿದ ಹಂತ ಅಂದರೆ ಟನ್‌ಗಟ್ಟಲೆ ಲೋಹ. ಮೀನು ದೋಣಿಯ ಮೇಲೆ ಬಿದ್ದರೆ ಯಾರು ಹೊಣೆ?

ಆಮೇಲೆ ಇನ್ನೊಂದು. ಹಾರುವುದನ್ನು ಆ ಕಡೆಯವರು ನಿಜವಾದ ದಾಳಿ ಅಂದುಕೊಳ್ಳಬಾರದು. ಅಮೆರಿಕ ಮತ್ತು ಸೋವಿಯತ್ ಒಕ್ಕೂಟ 1988ರಲ್ಲೇ ಮುಂಚೆ ಹೇಳಿಕೊಳ್ಳುವ ಒಪ್ಪಂದ ಮಾಡಿಕೊಂಡವು. ಭಾರತ, ಪಾಕಿಸ್ತಾನದ್ದು 2005ರ ಅಕ್ಟೋಬರ್ 3ರದು. ಐದು ದಿನದ ಅವಧಿ ಕೊಡಬೇಕು, ಆ ಅವಧಿ ಶುರುವಾಗುವ ಕನಿಷ್ಠ ಮೂರು ದಿನ ಮುಂಚೆ ತಿಳಿಸಬೇಕು. ಉಡಾವಣಾ ಜಾಗ ಗಡಿಯಿಂದ 40 ಕಿಲೋಮೀಟರ್ ಒಳಗೆ ಇರಬಾರದು, ಬೀಳುವ ಜಾಗ 75 ಕಿಲೋಮೀಟರ್ ಒಳಗೆ ಇರಬಾರದು. ಇದು ನೆಲದಿಂದ ಅಥವಾ ಸಮುದ್ರದಿಂದ ಹಾರಿಸುವ, ಮೇಲ್ಮೈಯಿಂದ ಮೇಲ್ಮೈಗೆ ಹೋಗುವ ಬ್ಯಾಲಿಸ್ಟಿಕ್ ಕ್ಷಿಪಣಿಗೆ ಮಾತ್ರ. ಕ್ರೂಸ್ ಕ್ಷಿಪಣಿ ಇದರಲ್ಲಿ ಬರುವುದಿಲ್ಲ.

ಒಂದು ಸ್ಪಷ್ಟನೆ. ನಡುಸಮುದ್ರದಲ್ಲಿ ಈ ಪೆಟ್ಟಿಗೆ ಬೇಲಿ ಅಲ್ಲ. ಅದು ಯಾರ ಜಾಗವೂ ಅಲ್ಲ, ಯಾರೂ ಮುಚ್ಚುವ ಹಾಗಿಲ್ಲ. "ಅಪಾಯ ಇದೆ, ಹೇಳಿದ್ದೇವೆ" ಅಂತ ಅಷ್ಟೇ.

#16 ಅನುಮಾನಪ್ಪ

ಕ್ರೂಸ್ ಅಂದ ಕೂಡಲೇ 2022ರ ಮಾರ್ಚ್ 9 ನೆನಪಾಯಿತು. ನಮ್ಮ ಕಡೆಯಿಂದ ಒಂದು ಕ್ಷಿಪಣಿ ಕೈತಪ್ಪಿ ಹಾರಿ ಪಾಕಿಸ್ತಾನದ ಮಿಯಾಂ ಚನ್ನು ಹತ್ತಿರ ಬಿತ್ತಲ್ಲ. ಅದಕ್ಕೆ ಎಲ್ಲಿಯ ನೋಟಾಮ್, ಎಲ್ಲಿಯ ಮೂರು ದಿನ.

#17 ಮಾತುಕತೆ_ಕಾವಲು

ನಿರ್ವಾಹಕರ ಮಾತು. ಪ್ರಕಟವಾದ ಎಚ್ಚರಿಕೆಗಳನ್ನು ಇಲ್ಲಿ ಚರ್ಚಿಸಬಹುದು. ಅವು ಎಲ್ಲರಿಗೂ ತಿಳಿಯಲಿ ಅಂತಲೇ ಬರುವಂಥವು. ಆದರೆ "ನಮ್ಮ ಮಾವ ಅಲ್ಲಿ ಕೆಲಸ ಮಾಡ್ತಾರೆ", "ಇವತ್ತು ಗೇಟಿನೊಳಗೆ ದೊಡ್ಡ ಲಾರಿ ಹೋಯ್ತು", ಹಡಗಿನ ಫೋಟೋ, ಇವೆಲ್ಲ ಬೇಡ. ಬೆಳಿಗ್ಗೆ ಒಂದು ತೆಗೆದು ಹಾಕಿದ್ದೇನೆ. ಹಾಕಿದವರಿಗೆ ಖಾಸಗಿಯಾಗಿ ತಿಳಿಸಿದ್ದೇನೆ.

#18 ಸುಮ್ನೆ_ಓದುವವ

ಆದ್ರೂ ನಾವು ಹೀಗೆ ಲೆಕ್ಕ ಹಾಕಿ ಬರೆದ್ರೆ ಶತ್ರುಗಳಿಗೆ ಸಹಾಯ ಆಗಲ್ವಾ?

#19 ಅನುಮಾನಪ್ಪ

ಸ್ವಾಮಿ, ಅವರು ನಮ್ಮ ಲೆಕ್ಕಕ್ಕೆ ಕಾಯುತ್ತಿಲ್ಲ. ಚೀನಾದವರ ಹತ್ತಿರ ಯುವಾನ್ ವಾಂಗ್ ಹಡಗುಗಳಿವೆ. ಕ್ಷಿಪಣಿ, ರಾಕೆಟ್ ಹಿಂಬಾಲಿಸಲೆಂದೇ ದೊಡ್ಡ ದೊಡ್ಡ ಆಂಟೆನಾ ಹೊತ್ತು ಸುತ್ತುತ್ತವೆ. 2022ರ ಆಗಸ್ಟ್‌ನಲ್ಲಿ ಶ್ರೀಲಂಕಾದ ಹಂಬನ್‌ತೋಟ ಬಂದರಿಗೆ ಬಂದು ಗಲಾಟೆ ಎಬ್ಬಿಸಿದ್ದು ಯುವಾನ್ ವಾಂಗ್ 5. ಅದೇ ನವೆಂಬರ್‌ನಲ್ಲಿ ಭಾರತ ಬಂಗಾಳ ಕೊಲ್ಲಿಗೆ ಎಚ್ಚರಿಕೆ ಕೊಟ್ಟಿತು, ಯುವಾನ್ ವಾಂಗ್ 6 ಹಿಂದೂ ಮಹಾಸಾಗರಕ್ಕೆ ಬಂತು. ಆ ದಿನಗಳಲ್ಲಿ ಹಾರಿಸಿದ ಸುದ್ದಿ ಬರಲೇ ಇಲ್ಲ. ಡಿಸೆಂಬರ್‌ನಲ್ಲಿ ಮತ್ತೊಂದು ಎಚ್ಚರಿಕೆ, ಡಿಸೆಂಬರ್ 15ಕ್ಕೆ ಅಗ್ನಿ-5 ಹಾರಿತು.

ಹಾಗಾಗಿ ಎಚ್ಚರಿಕೆ ಬಂತು ಅಂದರೆ ಹಾರಿಯೇ ಹಾರುತ್ತದೆ ಅಂತ ಇಲ್ಲ. ಹಾರುವುದು ಹೇಳಿದ ಹೊತ್ತಿಗೇ ಅಂತಲೂ ಇಲ್ಲ. ಉತ್ತರ ಕೊರಿಯಾ 2023ರಲ್ಲಿ "ನವೆಂಬರ್ 22ರಿಂದ ಡಿಸೆಂಬರ್ 1ರ ಒಳಗೆ ಉಪಗ್ರಹ" ಅಂತ ಜಪಾನ್‌ಗೆ ತಿಳಿಸಿತು. ಹಾರಿಸಿದ್ದು ನವೆಂಬರ್ 21ರ ರಾತ್ರಿ 10:42ಕ್ಕೆ. ಅವಧಿ ಶುರುವಾಗಲು ಒಂದು ಗಂಟೆ ಚಿಲ್ಲರೆ ಇತ್ತು. ಆ ಹೊತ್ತಿಗೆ ಯಾವುದಾದರೂ ಹಡಗು "ಇನ್ನೂ ಟೈಮ್ ಇದೆ" ಅಂತ ಅಲ್ಲಿದ್ದಿದ್ದರೆ?

#20 ಎರಡನೇ_ಮೇಟ್

ಆ ಸುದ್ದಿ ಓದಿದಾಗ ನನಗೆ ಬಂದ ಸಿಟ್ಟು ಇಲ್ಲಿ ಬರೆಯುವಂಥದ್ದಲ್ಲ. ನಾವು ಆ ಗಡಿಯಾರ ನಂಬಿಕೊಂಡು ಹಡಗು ನಡೆಸುವವರು.

#21 ಹೊಸಬ_ನಾನು

ಗಡಿಯಾರ ಅಂದಾಗ ನನ್ನದೊಂದು ಕಥೆ. ಹಿಂದೆ ಒಂದು ಎಚ್ಚರಿಕೆಯಲ್ಲಿ 1200 ಝಡ್‌ನಿಂದ ಅಂತ ಇತ್ತು. ಆಕಾಶದಲ್ಲಿ ಏನಾದ್ರೂ ಕಾಣುತ್ತೆ ಅಂತ ಮಧ್ಯಾಹ್ನ 12ಕ್ಕೆ ತಾರಸಿ ಹತ್ತಿದೆ. ಬಿಸಿಲು ನೆತ್ತಿ ಸುಡ್ತಿತ್ತು. ಎರಡು ಗಂಟೆ ಕಾದು ಏನೂ ಕಾಣದೆ ಇಳಿದು ಬಂದು ಮಲಗಿದೆ. ಸಂಜೆ ಎದ್ದು ಫೋನ್ ನೋಡಿದ್ರೆ ಎಲ್ಲರೂ ಬೆಳಕಿನ ಗೆರೆಯ ಫೋಟೋ ಹಾಕಿದ್ದಾರೆ.

#22 ಗೋಳಗಣಿತ

ಝಡ್ ಅಂದರೆ ಗ್ರೀನಿಚ್ ಕಾಲ. ಭಾರತದಲ್ಲಿ ಐದೂವರೆ ಗಂಟೆ ಕೂಡಿಸಬೇಕು. 1200 ಝಡ್ ಸಂಜೆ 5:30. ನೀವು ಮಲಗಿದ್ದೇ ಆ ಹೊತ್ತಿಗೆ! ರಾತ್ರಿಯ ಅವಧಿಗಳಲ್ಲಿ ತಾರೀಖೂ ಬದಲಾಗುತ್ತದೆ. 142200 ಝಡ್ ಅಂದರೆ 14ನೇ ತಾರೀಖಿನ ರಾತ್ರಿ ಅಲ್ಲ, 15ರ ಬೆಳಗಿನ ಜಾವ 3:30.

#23 ಆಕಾಶಬುಟ್ಟಿ

ಕತ್ತಲಾಗುವ ಹೊತ್ತಿನ ಉಡಾವಣೆ ಮಾತ್ರ ನೋಡಲೇಬೇಕು. ನೆಲದಲ್ಲಿ ಕತ್ತಲು, ಮೇಲೆ ಇನ್ನೂ ಬಿಸಿಲು. ಹೊಗೆಯ ಮೇಲೆ ಸೂರ್ಯನ ಬೆಳಕು ಬಿದ್ದು ನೀಲಿ ಬಿಳಿ ಹೂವು ಅರಳಿದ ಹಾಗೆ. 2015ರ ನವೆಂಬರ್ 7ರ ಸಂಜೆ ಕ್ಯಾಲಿಫೋರ್ನಿಯಾದ ಕಡಲಿನಿಂದ ಯುಎಸ್‌ಎಸ್ ಕೆಂಟಕಿ ಸಬ್‌ಮರೀನ್ ಟ್ರೈಡೆಂಟ್ ಹಾರಿಸಿದಾಗ ಲಾಸ್ ಏಂಜಲೀಸ್ ಜನ ಹಾರುವ ತಟ್ಟೆ ಅಂತ ಗಾಬರಿ ಬಿದ್ದರು. ಕಡಲ ಮೇಲಿನ ವಿಮಾನ ದಾರಿಗೆ ನಿರ್ಬಂಧ ಬಂದದ್ದನ್ನು ಗಮನಿಸಿದವರಿಗೆ ಮಾತ್ರ ಏನೋ ಇದೆ ಅಂತ ಗೊತ್ತಿತ್ತು.

#24 ಎರಡನೇ_ಮೇಟ್

ರದ್ದತಿಯ ಬಗ್ಗೆ ಎರಡು ಮಾತು, ಇದನ್ನು ಯಾರೂ ನೋಡುವುದಿಲ್ಲ. ಅಭ್ಯಾಸದ ಕೊನೆಯ ಸಾಲು ನೋಡಿ. ಕೊನೆಯ ಅವಧಿ ಮುಗಿದ ಒಂದು ಗಂಟೆಗೆ ಸಂದೇಶ ತಾನೇ ರದ್ದು. ಅದು ಮಾಮೂಲು. ಆದರೆ ಕೆಲವು ಸಲ 14ರ ಮಧ್ಯಾಹ್ನವೇ ಬೇರೊಂದು ಸಂದೇಶ ಬರುತ್ತದೆ, "ಇಂಥ ನಂಬರಿನದು ರದ್ದು" ಅಂತ. ಒಂದೇ ಸಾಲು. ಮೊದಲ ದಿನದ ಅವಧಿ ಆದ ಮೇಲೆ ಬಂದರೆ ಕೆಲಸ ಆಗಿರಬಹುದು. ಅವಧಿ ಶುರುವಾಗುವ ಮೊದಲೇ ಬಂದರೆ ಕೈಬಿಟ್ಟಿರಬಹುದು. "ಬಹುದು" ಅಂತಲೇ ಬರೆಯುತ್ತಿದ್ದೇನೆ ಅನುಮಾನಪ್ಪನವರೇ, ದಂಡ ಬೇಡ.

ಈಗ ನನ್ನ ಪ್ರಶ್ನೆ. ಇಪ್ಪತ್ಮೂರು ಪೋಸ್ಟ್ ಆಯಿತು, ಎಲ್ಲರೂ ಮೇಲೆ ನೋಡುತ್ತಿದ್ದೀರಿ. ಕೆಳಗೆ ಒಂದು ಹಡಗಿದೆ. ಶ್ರೀಲಂಕಾದ ತುದಿ, ದೊಂಡ್ರಾ ಹೆಡ್ ದಾಟಿ ಮಲಾಕ್ಕಾ ಕಡೆಗೆ ಹೊರಟಿದೆ. ಸುಮಾರು 6 ಡಿಗ್ರಿ ಉತ್ತರದಲ್ಲಿ ನೇರ ಪೂರ್ವಕ್ಕೆ, 12 ನಾಟ್, ಅಂದರೆ ಗಂಟೆಗೆ 12 ನಾಟಿಕಲ್ ಮೈಲಿ. ಈಗಿನ ಲೆಕ್ಕದಲ್ಲಿ ಆ ಬೀಸಣಿಗೆಯ ಪಶ್ಚಿಮ ಅಂಚು ಮುಟ್ಟುವುದು 15ನೇ ತಾರೀಖು 0430 ಝಡ್. ಏನು ಮಾಡುತ್ತೀರಿ?

#25 ಸುಮ್ನೆ_ಓದುವವ

ಸುತ್ತು ಹಾಕಿ ಹೋಗೋದು.

#26 ಗೋಳಗಣಿತ

ಎಲ್ಲಿ ಸುತ್ತುತ್ತೀರಿ? ಮೇಲೆ ಹೋದರೆ ಒಡಿಶಾ, ಕೆಳಗೆ ಹೋದರೆ ಸಮಭಾಜಕ ದಾಟಿ 02-15 ದಕ್ಷಿಣ. ಅದಕ್ಕಿಂತ ಕಾಯುವುದು ಅಗ್ಗ.

6 ಡಿಗ್ರಿಯಲ್ಲಿ ಬೀಸಣಿಗೆಯ ಅಗಲ ತೆಗೆದುಕೊಡುತ್ತೇನೆ. ಪಶ್ಚಿಮ ಅಂಚು ಸುಮಾರು 86-02 ಪೂರ್ವ, ಪೂರ್ವ ಅಂಚು 88-22. ನಡುವೆ 139 ನಾಟಿಕಲ್ ಮೈಲಿ. ದೊಂಡ್ರಾದಿಂದ ಪಶ್ಚಿಮ ಅಂಚಿಗೆ 325 ಮೈಲಿ. ಉಳಿದದ್ದು ಹೊಸಬರು ಮಾಡಲಿ.

#27 ಹೊಸಬ_ನಾನು

ನಾನಾ? ಸರಿ, ನಿಧಾನವಾಗಿ ಮಾಡ್ತೀನಿ.

139 ಮೈಲಿ, 12 ನಾಟ್. ದಾಟಲು 11 ಗಂಟೆ 35 ನಿಮಿಷ. ಅಪಾಯದ ಹೊತ್ತು ದಿನಕ್ಕೆ 4 ಗಂಟೆ ಮಾತ್ರ, 0330ರಿಂದ 0730. ಅಂದ್ರೆ ನಡುವೆ 20 ಗಂಟೆ ಖಾಲಿ. 15ರ 0730 ಝಡ್ ಆದ ಮೇಲೆ ಒಳಗೆ ಹೋದ್ರೆ 1905 ಝಡ್‌ಗೆ ಆ ಕಡೆ ಹೊರಗೆ. 16ರ 0330ಕ್ಕೆ ಇನ್ನೂ ಎಂಟು ಗಂಟೆಗಿಂತ ಜಾಸ್ತಿ ಉಳಿಯುತ್ತೆ.

ಈಗ 0430ಕ್ಕೆ ಬರೋದನ್ನ 0730ಕ್ಕೆ ತರಬೇಕು. ಮೂರು ಗಂಟೆ ತಡ. ದೊಂಡ್ರಾದಿಂದ 325 ಮೈಲಿಗೆ 12 ನಾಟ್‌ನಲ್ಲಿ 27 ಗಂಟೆ. ಅದನ್ನ 30 ಮಾಡಬೇಕು. 325ನ್ನು 30ರಿಂದ ಭಾಗಿಸಿದ್ರೆ 10.8. ದೊಂಡ್ರಾ ದಾಟಿದ ಕೂಡಲೇ 10.8 ನಾಟ್‌ಗೆ ಇಳಿಸಿದ್ರೆ ಸಾಕು. ಎಲ್ಲೂ ನಿಲ್ಲಿಸಬೇಕಾಗಿಲ್ಲ, ತಿರುಗಿಸಬೇಕಾಗಿಲ್ಲ. ಎಲ್ಲಾ ಝಡ್‌ನಲ್ಲೇ ಮಾಡಿದ್ದೀನಿ ಸಾರ್, ಈ ಸಲ ನೋಡಿಕೊಂಡೆ.

#28 ಎರಡನೇ_ಮೇಟ್

ಸರಿಯಾಗಿದೆ. ಆದರೆ ಅಂಚಿಗೆ 0730ಕ್ಕೆ ಸರಿಯಾಗಿ ಮುಟ್ಟುವ ಹಾಗೆ ಹಾಕಿದರೆ ಕ್ಯಾಪ್ಟನ್ ಕನ್ನಡಕದ ಮೇಲಿಂದ ನೋಡುತ್ತಾರೆ. ಅರ್ಧ ಗಂಟೆ ಸೇರಿಸಿ. 10.6 ಹಾಕಿ, ಎಂಜಿನ್ ರೂಮಿಗೆ ಮೊದಲೇ ಫೋನ್ ಮಾಡಿ.

#29 ಹೊಸಬ_ನಾನು

ಹಾಕಿದೆ, 10.6. ಸಾರ್, ಕೊನೆಗೂ ಆ ಕ್ಷಿಪಣಿ ಯಾವುದು?

#30 ಎರಡನೇ_ಮೇಟ್

ನನಗೂ ಗೊತ್ತಿಲ್ಲ ಮಾರಾಯ್ರೇ. ಎಚ್ಚರಿಕೆ ಬರೆಯುವಾಗ ಕ್ಷಿಪಣಿಯ ಬಗ್ಗೆ ನಾನು ಯೋಚಿಸಲೇ ಇಲ್ಲ.